ಮುಖ ನೋಡಿ ಕಳ್ಳನನ್ನು ಹಿಡಿಯುವವರು

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಗೆಳೆಯರೊಬ್ಬರು 'ಲೈ ಟು ಮಿ' ಎಂಬ ಅಮೆರಿಕದ ಟಿವಿ ಧಾರಾವಾಹಿಯನ್ನು ಹೊಗಳಿ ಎರಡು ಪುಟ ಬರೆದಿದ್ದರು. 2009ರಿಂದ 2011ರವರೆಗೆ ಬಂದ, 48 ಕಂತುಗಳ ಈ ಧಾರಾವಾಹಿ ಹಳೆಯದಾದರೂ ನಮ್ಮ ಹಾಸ್ಟೆಲುಗಳಲ್ಲಿ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಟಿಮ್ ರಾತ್ ಎಂಬ ನಟ ಅದರಲ್ಲಿ ಡಾಕ್ಟರ್ ಲೈಟ್‌ಮನ್ ಎಂಬ ಪಂಡಿತನ ಪಾತ್ರ ಮಾಡಿದ್ದಾನೆ. ಪೊಲೀಸರು ಕರೆದರೆ ಬರುತ್ತಾನೆ, ಆರೋಪಿಯ ಎದುರು ಕಾಲು ಚಾಚಿ ಕೂರುತ್ತಾನೆ, ಅವನ ಹುಬ್ಬು ಅರೆಕ್ಷಣ ಮೇಲೆ ಹೋದದ್ದು, ತುಟಿಯ ತುದಿ ನಡುಗಿದ್ದು, ಒಂದು ಭುಜ ಮಾತ್ರ ಕುಣಿದದ್ದು ನೋಡಿ 'ಇವನು ಸುಳ್ಳು ಹೇಳುತ್ತಿದ್ದಾನೆ' ಎಂದು ತೀರ್ಪು ಕೊಡುತ್ತಾನೆ. ಮುಕ್ಕಾಲು ಗಂಟೆಯೊಳಗೆ ಕೇಸು ಖಲಾಸ್. ನಮ್ಮ ಗೆಳೆಯರು ಕೊನೆಗೆ ಒಂದು ಸಲಹೆಯನ್ನೂ ಕೊಟ್ಟಿದ್ದಾರೆ: ನಮ್ಮ ಪ್ರತಿ ಠಾಣೆಯಲ್ಲೂ ಇಂಥ ಒಬ್ಬ ನಡವಳಿಕೆ ತಜ್ಞ ಇದ್ದರೆ ಅರ್ಧ ಕೇಸುಗಳು ಒಂದೇ ದಿನದಲ್ಲಿ ಮುಗಿದುಹೋಗುತ್ತವಂತೆ.

ಅವರ ಬರಹ ಚೆನ್ನಾಗಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಸಲಹೆಯ ಬಗ್ಗೆ ಮಾತ್ರ ಇದೆ. ಯಾಕೆಂದರೆ ಅವರು ಕನಸು ಕಾಣುತ್ತಿರುವ ಆ ಪ್ರಯೋಗವನ್ನು ನಮ್ಮ ದೇಶ ಆಗಲೇ ಮಾಡಿ ನೋಡಿದೆ. ಎಲ್ಲೋ ದೂರದಲ್ಲಲ್ಲ, ಒಂದು ಕಡೆ ನಮ್ಮ ಬೆಂಗಳೂರಿನಲ್ಲಿ, ಇನ್ನೊಂದು ಕಡೆ ಅಹಮದಾಬಾದಿನ ಪಕ್ಕದ ಗಾಂಧಿನಗರದಲ್ಲಿ. ಅದರ ಫಲ ಏನಾಯ್ತು ಅನ್ನೋದನ್ನು ಯಾವ ಧಾರಾವಾಹಿಯೂ ತೋರಿಸುವುದಿಲ್ಲ.

ನಮ್ಮ ಹಿರಿಯರ ಕಾಲದ ಪತ್ತೇದಾರನನ್ನು ಸ್ವಲ್ಪ ನೆನೆಸಿಕೊಳ್ಳಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ತಂದೆಯವರ ತಲೆಮಾರು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸುತ್ತಿತ್ತು. ಆಮೇಲೆ 1998ರಿಂದ ಇಪ್ಪತ್ತು ವರ್ಷ 'ಸಿಐಡಿ' ಬಂತು, ದಯಾ ಬಾಗಿಲು ಒಡೆದ, ಡಾಕ್ಟರ್ ಸಾಳುಂಖೆ ಗಾಜಿನ ಸೀಸೆ ಅಲ್ಲಾಡಿಸಿದ. ಇವರೆಲ್ಲ ಹುಡುಕುತ್ತಿದ್ದದ್ದು ವಸ್ತುವನ್ನು. ಸಿಗರೇಟಿನ ತುಂಡು, ಹೆಜ್ಜೆಯ ಗುರುತು, ಹರಿದ ಅಂಗಿಯ ಗುಂಡಿ. ಹೊಸ ಪತ್ತೇದಾರ ಹಾಗಲ್ಲ. 'ಮೆಂಟಲಿಸ್ಟ್'ನವನಾಗಲಿ, 'ಕ್ರಿಮಿನಲ್ ಮೈಂಡ್ಸ್'ನವರಾಗಲಿ, ನಮ್ಮ ಲೈಟ್‌ಮನ್ ಸಾಹೇಬರಾಗಲಿ ಹುಡುಕುವುದು ಮನುಷ್ಯನ ಮೈಯೊಳಗೆ. ಸಾಕ್ಷಿ ನೆಲದ ಮೇಲೆ ಬಿದ್ದಿಲ್ಲ, ನಿನ್ನ ಮುಖದ ಮೇಲಿದೆ ಅಂತಾರೆ. ಈ ಬದಲಾವಣೆ ಸಣ್ಣದು ಅಂತ ನನಗೆ ಅನ್ನಿಸುವುದಿಲ್ಲ. ಸಿಗರೇಟಿನ ತುಂಡನ್ನು ನನ್ನ ವಕೀಲನೂ ನೋಡಬಹುದು, ಜಡ್ಜ್ ಸಾಹೇಬರೂ ನೋಡಬಹುದು. ನನ್ನ ಹುಬ್ಬು ಹಾರಿದ್ದನ್ನು ಆ ತಜ್ಞ ಒಬ್ಬನೇ ನೋಡಿದ್ದಾನೆ. ಅವನು ಹೇಳಿದ್ದೇ ವೇದವಾಗಿಬಿಡುತ್ತದೆ.

ಈ ವಿದ್ಯೆ ಪೂರಾ ಬೂಸಿ ಅಂತ ಹೇಳುವುದಕ್ಕೆ ನಾನು ಹೊರಟಿಲ್ಲ. ಅಮೆರಿಕದ ಎಫ್‌ಬಿಐ 1972ರಲ್ಲಿ ನಡವಳಿಕೆ ವಿಜ್ಞಾನದ ಒಂದು ವಿಭಾಗವನ್ನೇ ತೆರೆಯಿತು. ಅಲ್ಲಿಯ ಕೆಲವು ಅಧಿಕಾರಿಗಳು ಜೈಲುಗಳಿಗೆ ಹೋಗಿ, ಸರಣಿ ಕೊಲೆ ಮಾಡಿದವರ ಎದುರು ಗಂಟೆಗಟ್ಟಲೆ ಕೂತು, ಅವರ ಮಾತು ಕೇಳಿ ಬರೆದುಕೊಂಡರು. 2017ರ 'ಮೈಂಡ್‌ಹಂಟರ್' ಅದೇ ಕತೆ, ನನಗೂ ಇಷ್ಟವಾದದ್ದು. ಹೊಡೆಯದೆ ಕೇಳುವ ಪೊಲೀಸನನ್ನು ನೋಡುವುದೇ ಒಂದು ಸಂತೋಷ. ಆದರೆ ಕೇಳುವುದು ಬೇರೆ, ಮುಖ ಓದುವುದು ಬೇರೆ. ಲೈಟ್‌ಮನ್ ಪಾತ್ರಕ್ಕೆ ಮೂಲವಾದವರು ಪಾಲ್ ಎಕ್ಮನ್ ಎಂಬ ಮನಶ್ಶಾಸ್ತ್ರಜ್ಞರು, ಧಾರಾವಾಹಿಗೆ ಸಲಹೆ ಕೊಟ್ಟವರೂ ಅವರೇ. ಅವರ ಇಂಥ ವಿಚಾರಗಳನ್ನು ನಂಬಿ ಅಮೆರಿಕ ಸರಕಾರ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ನಡವಳಿಕೆ ನೋಡುವ ಸಾವಿರಾರು ಜನರನ್ನು ನಿಲ್ಲಿಸಿತು. 2007ರಿಂದ ಅದಕ್ಕೆ ಖರ್ಚಾದದ್ದು ಸುಮಾರು 90 ಕೋಟಿ ಡಾಲರು. 2013ರಲ್ಲಿ ಅಲ್ಲಿಯ ಸರಕಾರಿ ಲೆಕ್ಕ ತಪಾಸಣಾ ಕಚೇರಿ ಇದನ್ನೆಲ್ಲ ಪರಿಶೀಲಿಸಿ, ನಡವಳಿಕೆ ನೋಡಿ ಮೋಸ ಪತ್ತೆ ಮಾಡುವುದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ವಾಸಿಯಲ್ಲ, ಇದಕ್ಕೆ ಹಣ ಕಡಿಮೆ ಮಾಡಿ ಎಂಬರ್ಥದ ವರದಿ ಕೊಟ್ಟಿತು. ನೋಡಿ, ಕಡೆಗೂ ಸತ್ಯ ಹೇಳಿದ್ದು ಲೆಕ್ಕ ತಪಾಸಣೆಯವರು. ಕಾಮರ್ಸ್ ವಿದ್ಯಾರ್ಥಿಗಳು ಇಲ್ಲಿ ಚಪ್ಪಾಳೆ ತಟ್ಟಬಹುದು.

2006ರಲ್ಲಿ ಇಬ್ಬರು ಸಂಶೋಧಕರು ಇಂಥ ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಜನ ಸುಳ್ಳು-ನಿಜಗಳನ್ನು ಸರಿಯಾಗಿ ಗುರುತಿಸುವುದು ನೂರಕ್ಕೆ 54 ಸಲ ಮಾತ್ರ. ಕಣ್ಣು ಮುಚ್ಚಿ ಹೇಳಿದರೂ 50 ಬರುತ್ತದೆ! ಪೊಲೀಸರಾಗಿದ್ದರೂ ಅಷ್ಟೇ, ಬೇರೆಯವರಾಗಿದ್ದರೂ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ತಮಾಷೆಯದು 2010ರಲ್ಲಿ ಬಂದ ಇನ್ನೊಂದು ಅಧ್ಯಯನ. ಕೆಲವರಿಗೆ 'ಲೈ ಟು ಮಿ'ಯ ಒಂದು ಕಂತು ತೋರಿಸಿ ಆಮೇಲೆ ಪರೀಕ್ಷೆ ಮಾಡಿದರೆ, ಅವರು ಸುಳ್ಳು ಹಿಡಿಯುವುದರಲ್ಲಿ ಜಾಣರಾಗಲಿಲ್ಲ, ನಿಜ ಹೇಳಿದವರನ್ನೂ ಅನುಮಾನಿಸತೊಡಗಿದರು. ಧಾರಾವಾಹಿ ಕಲಿಸಿದ್ದು ಅನುಮಾನವನ್ನು, ವಿದ್ಯೆಯನ್ನಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ನಾನು ಪಿಯುಸಿ ಓದುವಾಗ ಇದ್ದ ಹಾಸ್ಟೆಲಿನಲ್ಲಿ ಒಂದು ಸಲ ಮೆಸ್ಸಿನ ದುಡ್ಡಿನಲ್ಲಿ ಸಾವಿರದ ಚಿಲ್ಲರೆ ಕಡಿಮೆ ಬಂತು. ವಾರ್ಡನ್ನರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕಣ್ಣೊಳಗೆ ಕಣ್ಣಿಟ್ಟು ನೋಡುತ್ತಾ ಹೋದರು. ಮೆಸ್ಸಿನ ಲೆಕ್ಕ ಬರೆಯುತ್ತಿದ್ದ ಹುಡುಗ ಹಳ್ಳಿಯವನು, ಕುರಿ ಕಾಯುವವರ ಮನೆಯಿಂದ ಬಂದವನು. ಅವನು ತಲೆ ತಗ್ಗಿಸಿದ. ಬೆವರಿದ. ಏನೋ ಹೇಳಲು ಹೋಗಿ ತೊದಲಿದ. ಸಾಕಲ್ಲ, 'ಇವನೇ' ಅಂತ ಆಯಿತು. ನಾಲ್ಕು ದಿನ ಅವನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ಐದನೇ ದಿನ ಅಕ್ಕಿ ಅಂಗಡಿಯವರ ಬಿಲ್ಲು ಪುಸ್ತಕದಲ್ಲಿ ಎರಡು ಸಲ ಖರ್ಚು ಬಿದ್ದಿತ್ತೆಂದು, ಅದಕ್ಕೆ ತಕ್ಕ ಹಣ ಅಂಗಡಿಗೇ ಎರಡು ಸಲ ಹೋಗಿತ್ತೆಂದು ಗೊತ್ತಾಯಿತು. ಅಂಗಡಿಯವರು ಮರುಮಾತಿಲ್ಲದೆ ವಾಪಸು ಕೊಟ್ಟರು. ಎರಡನೇ ಸಲ ಕೊಟ್ಟವರು ಸ್ವತಃ ವಾರ್ಡನ್ನರೇ. ಹುಡುಗ ಮುಂದಿನ ತಿಂಗಳು ಹಾಸ್ಟೆಲು ಬಿಟ್ಟ. ಅವನು ತಲೆ ತಗ್ಗಿಸಿದ್ದು ಯಾಕೆ? ದೊಡ್ಡವರ ಮುಂದೆ ಕಣ್ಣೆತ್ತಿ ನೋಡಬಾರದು ಅಂತ ಅವನ ಮನೆಯಲ್ಲೂ, ನಮ್ಮ ಕನ್ನಡ ಶಾಲೆಯಲ್ಲೂ ಕಲಿಸಿದ್ದರಿಂದ. ಅಮೆರಿಕದಲ್ಲಿ ಕಣ್ಣು ತಪ್ಪಿಸಿದವನು ಕಳ್ಳ, ನಮ್ಮಲ್ಲಿ ಕಣ್ಣು ತಪ್ಪಿಸದವನು ಉದ್ಧಟ. ಯಾವ ಪುಸ್ತಕ ಇಟ್ಟುಕೊಂಡು ಯಾರ ಮುಖ ಓದುತ್ತೀರಿ ಸ್ವಾಮಿ?

ಇನ್ನು ಗುಜರಾತಿನ ವಿಷಯಕ್ಕೆ ಬರೋಣ. 2002ರಲ್ಲಿ ಗೋಧ್ರಾ ರೈಲು ಪ್ರಕರಣದ ಕೆಲವು ಆರೋಪಿಗಳನ್ನು ವಡೋದರಾದಲ್ಲಿ ಮಂಪರು ಪರೀಕ್ಷೆಗೆ ಒಳಪಡಿಸಿದರು. ನಮ್ಮ ದೇಶದಲ್ಲಿ ನಾರ್ಕೋ ಅನಾಲಿಸಿಸ್ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಅಲ್ಲಿಂದ. ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿ, ಅರಿವಳಿಕೆ ವೈದ್ಯರು ಸೋಡಿಯಂ ಪೆಂಟೊಥಾಲನ್ನು ಸ್ವಲ್ಪಸ್ವಲ್ಪವಾಗಿ ನರಕ್ಕೆ ಬಿಡುತ್ತಾರೆ. ಪೂರಾ ನಿದ್ರೆಯೂ ಅಲ್ಲ, ಎಚ್ಚರವೂ ಅಲ್ಲ, ಅಂಥ ಸ್ಥಿತಿಯಲ್ಲಿ ಮನಶ್ಶಾಸ್ತ್ರದವರು ಪ್ರಶ್ನೆ ಕೇಳುತ್ತಾರೆ. ಕುಡಿದವನು ನಿಜ ಹೇಳುತ್ತಾನೆ ಅನ್ನುವ ನಮ್ಮ ಹಳೇ ನಂಬಿಕೆಗೆ ಬಿಳೀ ಕೋಟು ತೊಡಿಸಿದ ಹಾಗೆ. ಕುಡಿದವನು ನಿಜ ಮಾತ್ರ ಹೇಳುತ್ತಾನೆಯೇ? ನಮ್ಮೂರಿನ ಜಾತ್ರೆಯ ರಾತ್ರಿ ಒಂದು ಸುತ್ತು ಹಾಕಿ ಬಂದರೆ ಉತ್ತರ ಸಿಗುತ್ತದೆ. ಮಂಪರಿನಲ್ಲಿರುವವನು ಎದುರಿನವರು ಏನು ಕೇಳಬಯಸುತ್ತಾರೋ ಅದನ್ನೂ ಹೇಳಬಲ್ಲ, ಕನಸನ್ನೂ ಹೇಳಬಲ್ಲ.

ನಮ್ಮ ಬೆಂಗಳೂರಿನ ಪ್ರಯೋಗಾಲಯ ಆಗ ಇದಕ್ಕೆ ದೇಶದಲ್ಲೇ ಹೆಸರುವಾಸಿ. ಖಾನಾಪುರದ ಅಬ್ದುಲ್ ಕರೀಂ ತೆಲಗಿ, ಅದೇ ನಕಲಿ ಛಾಪಾ ಕಾಗದದವನು, ಅವನಿಗೂ ಇಲ್ಲೇ ಮಂಪರು ಕೊಟ್ಟರು. ಆ ವಿಡಿಯೋ ಟಿವಿಗಳಲ್ಲೂ ಬಂತು. ಮಂಪರಿನಲ್ಲಿ ಹಲುಬುವ ಮನುಷ್ಯನನ್ನು ಮನೆಮಂದಿಯೆಲ್ಲ ಊಟ ಮಾಡುತ್ತಾ ನೋಡಿದರು. ಅದೂ ಒಂದು ಧಾರಾವಾಹಿಯೇ ಆಯಿತು. 2023ರಲ್ಲಿ ಅವನ ಬಗ್ಗೆ ನಿಜವಾದ ವೆಬ್ ಸರಣಿಯೂ ಬಂತೆನ್ನಿ.

ಗಾಂಧಿನಗರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿಯ ಮೆದುಳು ಪರೀಕ್ಷೆಯ ಮೂಲ ನಮ್ಮ ನಿಮ್ಹಾನ್ಸಿನಲ್ಲಿದೆ ಎಂಬುದು ನನಗೂ ಇತ್ತೀಚೆಗೆ ಓದಿ ತಿಳಿದದ್ದು. ನಿಮ್ಹಾನ್ಸಿನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಅವರು ಈ ವಿಧಾನವನ್ನು ರೂಪಿಸಿದರು, ಗಾಂಧಿನಗರದಲ್ಲಿ ಅದು ಬೇರುಬಿಟ್ಟಿತು. ತಲೆಗೆ ತಂತಿಗಳಿರುವ ಟೋಪಿ ಹಾಕುತ್ತಾರೆ. ಆರೋಪಿ ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು, ಒಂದು ಮಾತೂ ಆಡಬೇಕಿಲ್ಲ. ಒಂದೊಂದೇ ವಾಕ್ಯ ಕೇಳಿಸುತ್ತಾರೆ, 'ನಾನು ಅಂಗಡಿಗೆ ಹೋದೆ', 'ನಾನು ವಿಷ ಕೊಂಡೆ' ಎಂಬಂಥವು. ಆ ಕೆಲಸವನ್ನು ನಿಜವಾಗಿ ಮಾಡಿದವನ ಮೆದುಳು ಒಂದು ರೀತಿ ಮಿಡಿಯುತ್ತದೆ, ಬರೀ ಕೇಳಿ ತಿಳಿದವನ ಮೆದುಳು ಬೇರೆ ರೀತಿ ಮಿಡಿಯುತ್ತದೆ ಎಂಬುದು ಅವರ ವಾದ. ಲೈಟ್‌ಮನ್‌ಗೆ ಮುಖವಾದರೂ ಬೇಕಿತ್ತು, ಇಲ್ಲಿ ಮುಖವೂ ಬೇಡ. ಆದರೆ ಆ ವಾಕ್ಯಗಳನ್ನು ಬರೆಯುವವರು ಯಾರು, ಸ್ವಲ್ಪ ಯೋಚಿಸಿ. ತನಿಖೆಯವರು ಕಟ್ಟಿದ ಕತೆಯಿಂದಲೇ ಅವು ಹುಟ್ಟುತ್ತವೆ. ಕತೆಯೇ ತಪ್ಪಾಗಿದ್ದರೆ ಟೋಪಿ ಏನು ಮಾಡೀತು?

2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಒಬ್ಬ ಎಂಬಿಎ ವಿದ್ಯಾರ್ಥಿನಿಗೆ ಜೀವಾವಧಿ ಶಿಕ್ಷೆ ಕೊಡುವಾಗ ಈ ಮೆದುಳು ಪರೀಕ್ಷೆಯ ವರದಿಯನ್ನೂ ಆಧಾರವಾಗಿ ಹಿಡಿಯಿತು. ಪ್ರಪಂಚದ ಪತ್ರಿಕೆಗಳೆಲ್ಲ ಭಾರತದ ಕಡೆ ಗಾಬರಿಯಿಂದ ನೋಡಿದವು. ಅದೇ ವರ್ಷ ನಿಮ್ಹಾನ್ಸಿನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ಸಮಿತಿ, ಈ ಪರೀಕ್ಷೆ ವೈಜ್ಞಾನಿಕವಲ್ಲ, ತನಿಖೆಯಲ್ಲಾಗಲಿ ಕೋರ್ಟಿನಲ್ಲಾಗಲಿ ಬಳಸಬಾರದು ಎಂದು ವರದಿ ಕೊಟ್ಟಿತು. ಹುಟ್ಟಿಸಿದ್ದೂ ನಿಮ್ಹಾನ್ಸಿನವರು, ಬೇಡ ಅಂದದ್ದೂ ನಿಮ್ಹಾನ್ಸಿನವರು. ಮುಂದೆ ಆ ಹುಡುಗಿಗೆ ಬಾಂಬೆ ಹೈಕೋರ್ಟು ಜಾಮೀನು ಕೊಟ್ಟಿತು.

ಗಾಂಧಿನಗರದ ಮೇಜಿನ ಮೇಲೆ ಮಲಗಿದವರ ಪಟ್ಟಿಯಲ್ಲಿ ದೇಶಕ್ಕೆಲ್ಲ ಗೊತ್ತಿರುವ ಎರಡು ಕೇಸುಗಳಿವೆ. 2006ರ ಡಿಸೆಂಬರಿನಲ್ಲಿ ನೊಯ್ಡಾದ ನಿಠಾರಿಯಲ್ಲಿ ಮಕ್ಕಳ ಎಲುಬುಗಳು ಚರಂಡಿಯಲ್ಲಿ ಸಿಕ್ಕವು. 2007ರ ಜನವರಿಯಲ್ಲಿ ಮನೆಯ ಯಜಮಾನನನ್ನೂ ಮನೆಗೆಲಸದವನನ್ನೂ ಗಾಂಧಿನಗರಕ್ಕೆ ಕರೆತಂದು ಮಂಪರು ಕೊಟ್ಟರು. ಎಲ್ಲವೂ ಬಯಲಾಯಿತು ಅಂತ ಟಿವಿಯವರು ಕೂಗಿದರು. ಮರಣದಂಡನೆಗಳೂ ಆದವು. 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು ಇಬ್ಬರನ್ನೂ ಬಿಡುಗಡೆ ಮಾಡಿ ತನಿಖೆಯ ಜನ್ಮ ಜಾಲಾಡಿತು. ಕೆಲಸದವನ ಮೇಲೆ ಉಳಿದಿದ್ದ ಕೊನೆಯ ಕೇಸಿನಲ್ಲೂ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಟ್ಟಿತು. ಹದಿನೆಂಟು ವರ್ಷ ಕಳೆದಿತ್ತು. ಆ ಮಕ್ಕಳನ್ನು ಕೊಂದವರು ಯಾರು? ಮಕ್ಕಳ ತಂದೆತಾಯಿಗಳಿಗೆ ಇವತ್ತಿಗೂ ಉತ್ತರ ಇಲ್ಲ. ಮಂಪರಿನ ಮಾತಿಗೆ ಜೋತುಬಿದ್ದ ದಿನಗಳಲ್ಲಿ ಚರಂಡಿ, ಚಾಕು, ಎಲುಬುಗಳನ್ನು ಸರಿಯಾಗಿ ಕೂಡಿಡಬಹುದಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಎರಡನೆಯದು ಆರುಷಿ ಪ್ರಕರಣ. 2008ರ ಮೇ ತಿಂಗಳು, ಅದೂ ನೊಯ್ಡಾ. ಕೆಲಸದವರಿಗೆ ಬೆಂಗಳೂರಿನಲ್ಲಿ ಮಂಪರು ಪರೀಕ್ಷೆ, 2010ರಲ್ಲಿ ತಂದೆತಾಯಿಗೆ ಗಾಂಧಿನಗರದಲ್ಲಿ. ಇದರಲ್ಲಿ ನನಗೆ ಹೆಚ್ಚು ಕಾಡುವುದು ಪ್ರಯೋಗಾಲಯವಲ್ಲ, ನಾವು. ಮಗಳು ಸತ್ತ ಮೇಲೆ ತಾಯಿ ಟಿವಿಯ ಮುಂದೆ ಕೂತು ಮಾತಾಡಿದರು, ಅಳಲಿಲ್ಲ. ಅಳದ ತಾಯಿ ಎಂಥ ತಾಯಿ ಅಂತ ಇಡೀ ದೇಶ ಲೈಟ್‌ಮನ್ ಆಗಿಬಿಟ್ಟಿತು. 2013ರಲ್ಲಿ ಶಿಕ್ಷೆಯಾಯಿತು, 2017ರ ಅಕ್ಟೋಬರಿನಲ್ಲಿ ಹೈಕೋರ್ಟು ಇಬ್ಬರನ್ನೂ ಬಿಡುಗಡೆ ಮಾಡಿತು. ದುಃಖಕ್ಕೆ ಒಂದೇ ಮುಖ ಇರುತ್ತದೆ ಅಂತ ನಮಗೆ ಕಲಿಸಿದವರು ಯಾರು? ನಮ್ಮ ಅಜ್ಜ ತೀರಿಕೊಂಡ ದಿನ ನಮ್ಮ ಅಜ್ಜಿ ಬಂದವರಿಗೆಲ್ಲ ಚಹಾ ಆಯಿತಾ ಅಂತ ವಿಚಾರಿಸುತ್ತಾ ಓಡಾಡಿದಳು.

ಇದಕ್ಕೆಲ್ಲ ಒಂದು ಗಟ್ಟಿ ಉತ್ತರವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಾಂಧಿನಗರದ ನಮ್ಮ ಪರೀಕ್ಷೆ ಬೇಡವೆಂದರೆ ಠಾಣೆಯ ಲಾಠಿ ಬರುತ್ತದೆ, ನಿಮಗೆ ಯಾವುದು ಬೇಕು ಅಂತ ಅವರು ಕೇಳುತ್ತಾರೆ. ಅಹಮದಾಬಾದಿನ ಮಣಿನಗರದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು ನನ್ನ ಜೊತೆ ಜಗಳಕ್ಕೆ ನಿಲ್ಲುವುದು ಇದೇ ಮಾತಿನ ಮೇಲೆ. ಅವಳಿಗೆ ಫೊರೆನ್ಸಿಕ್ ಸೈಕಾಲಜಿ ಓದಬೇಕೆಂದು ಹಟ. "ಅಣ್ಣಾ, ಸೂಜಿ ಚುಚ್ಚೋದು ಒಳ್ಳೇದೋ, ಉಗುರು ಕೀಳೋದು ಒಳ್ಳೇದೋ, ನೀನೇ ಹೇಳು" ಅಂತಾಳೆ. ಮಾತಿನಲ್ಲಿ ಜೋರಿದೆ. ಆದರೆ ಕಳ್ಳನಿಗೆ ಎಡಗೈ ಕಡಿಯಬೇಕೋ ಬಲಗೈ ಕಡಿಯಬೇಕೋ ಅಂತ ಕೇಳಿದ ಹಾಗಾಯಿತು ಅದು. ಎರಡೂ ಬೇಡ ಅನ್ನುವ ಹಕ್ಕು ಇಲ್ಲವೇ? ಇದೆ ಅಂತ ಸುಪ್ರೀಂ ಕೋರ್ಟು 2010ರ ಮೇ 5ರಂದು ಹೇಳಿತು. ಆ ತೀರ್ಪಿಗೆ ಹೆಸರು ಬಂದದ್ದು ನಮ್ಮ ರಾಜ್ಯದಿಂದ, ಸೆಲ್ವಿ ವಿರುದ್ಧ ಕರ್ನಾಟಕ ಸರಕಾರ. ಮಂಪರು, ಸುಳ್ಳುಪತ್ತೆ ಯಂತ್ರ, ಮೆದುಳು ಪರೀಕ್ಷೆ, ಈ ಮೂರನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ. ಮಾಡಿದರೆ ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ. ಒಪ್ಪಿದರೂ ಆ ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಪರೀಕ್ಷೆಯ ವರದಿಯೇ ಸಾಕ್ಷಿಯಲ್ಲ, ಒಪ್ಪಿಗೆಯ ಪರೀಕ್ಷೆಯಿಂದ ಮುಂದೆ ಏನಾದರೂ ವಸ್ತು ಸಿಕ್ಕಿದರೆ ಅದನ್ನು ಪರಿಗಣಿಸಬಹುದು. ಅಂದರೆ ಪುನಃ ಪುರುಷೋತ್ತಮನ ಸಿಗರೇಟು ತುಂಡಿಗೇ ಬಂದೆವು. 2025ರ ಜೂನ್‌ನಲ್ಲಿ ಬಿಹಾರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಹದಿನೈದು ವರ್ಷದ ಮೇಲೂ ಹೇಳಬೇಕಾಯಿತು ಅಂದರೆ ಕೇಳದವರು ಇದ್ದಾರೆ ಅಂತಲೇ ಅರ್ಥ.

ನಡವಳಿಕೆ ಓದುವ ವಿದ್ಯೆ ಗುಜರಾತಿಗೆ ಹೊಸದೇನೂ ಅಲ್ಲ. ಅಲ್ಲಿಯ ಮರಳುಗಾಡಿನ ಅಂಚಿನಲ್ಲಿ ಪಗಿ ಎಂಬ ಹೆಜ್ಜೆಗಾರರಿದ್ದರು. ಬನಾಸ್‌ಕಾಂಠಾದ ರಣಛೋಡ್ ಪಗಿ ಎಂಬ ರಬಾರಿ ಮುದುಕ ನೆಲದ ಮೇಲಿನ ಗುರುತು ನೋಡಿ ಎಷ್ಟು ಜನ ಹೋದರು, ಎಷ್ಟು ಹೊತ್ತಾಯಿತು, ಹೊರೆ ಇತ್ತೋ ಇಲ್ಲವೋ ಅಂತ ಹೇಳುತ್ತಿದ್ದನಂತೆ. 1965 ಮತ್ತು 1971ರ ಯುದ್ಧಗಳಲ್ಲಿ ಸೈನ್ಯಕ್ಕೆ ನೆರವಾದವನು. 2013ರಲ್ಲಿ ನೂರು ದಾಟಿದ ಮೇಲೆ ತೀರಿಕೊಂಡ. ಪಗಿ ಹೇಳಿದ್ದು ನಿಜವೋ ಸುಳ್ಳೋ ಅಂತ ಆ ಹೆಜ್ಜೆಯ ಹಿಂದೆ ನಡೆದು ನೋಡಬಹುದಿತ್ತು. ಹೆಜ್ಜೆ ಇಟ್ಟವನ ಮನಸ್ಸಿನಲ್ಲಿ ಏನಿತ್ತು ಅಂತ ಅವನು ಯಾವತ್ತೂ ಹೇಳಹೋಗಲಿಲ್ಲ.

ಸೂರತ್ತಿನ ಮಾತು ಹೇಳದೆ ಹೋದರೆ ಕಾಮರ್ಸಿನವನಾಗಿ ನನಗೆ ಸಮಾಧಾನವಿಲ್ಲ. ನಮ್ಮ ಸೋದರಮಾವ ಅಲ್ಲಿ ವಜ್ರದ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಪ್ರಪಂಚದ ಹತ್ತು ವಜ್ರಗಳಲ್ಲಿ ಒಂಬತ್ತು ಅಲ್ಲಿ ಸಾಣೆ ಹಿಡಿಸಿಕೊಳ್ಳುತ್ತವೆ ಅಂತ ಹೇಳುವುದುಂಟು. ಮಹಿಧರಪುರದ ಹೀರಾ ಬಜಾರಿನಲ್ಲಿ ಜನ ಸ್ಕೂಟರಿನ ಸೀಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿ ವ್ಯಾಪಾರ ಮಾಡುತ್ತಾರೆ. ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಲಕ್ಷಾಂತರ ರೂಪಾಯಿಯ ಮಾಲನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟು ಕಳಿಸುತ್ತಾನೆ, ಮಾರಿದರೆ ಹಣ ಕೊಡು, ಇಲ್ಲದಿದ್ದರೆ ಮಾಲು ವಾಪಸು ಕೊಡು ಅಂತ. ಇದಕ್ಕೆ ಜಂಗಡ್ ಅಂತಾರೆ. ಮೋಸಗಾರನನ್ನು ಗುರುತಿಸದಿದ್ದರೆ ಒಂದೇ ಸಂಜೆಗೆ ಬೀದಿಪಾಲಾಗುವ ಜನ ಇವರು. ಇವರಿಗಿಂತ ದೊಡ್ಡ ನಡವಳಿಕೆ ತಜ್ಞರು ಯಾರಿದ್ದಾರೆ? ಹಾಗಾದರೆ ಎದುರಿನವನ ಹುಬ್ಬು ನೋಡುತ್ತಾರಾ ಅಂತ ಮಾವನನ್ನು ಕೇಳಿದೆ. ಅವರು ನಕ್ಕುಬಿಟ್ಟರು. "ಹುಬ್ಬು ಯಾರು ನೋಡ್ತಾರೋ? ಯಾರ ಮಗ, ಯಾವ ಊರು, ಹೋದ ದೀಪಾವಳಿಗೆ ಬಾಕಿ ತೀರಿಸಿದ್ನಾ ಇಲ್ವಾ, ಅದು ನೋಡ್ತಾರೆ. ಆಮೇಲೆ ಚೀಟಿ ಬರೆಸ್ತಾರೆ" ಅಂದರು. ಚೀಟಿಯಲ್ಲಿ ಕ್ಯಾರೆಟ್ಟು, ದರ, ತಾರೀಖು, ಸಹಿ. ಇದರಲ್ಲೂ ಅನ್ಯಾಯವಿದೆ, ಯಾರ ಮಗನೂ ಅಲ್ಲದ ಹೊಸಬನಿಗೆ ಆ ಬಜಾರಿನಲ್ಲಿ ಬಾಗಿಲು ಬೇಗ ತೆರೆಯುವುದಿಲ್ಲ. ಆದರೂ ಅವರು ನಂಬುವುದು ನಡೆದುಹೋದ ವ್ಯವಹಾರವನ್ನು, ಬರೆದ ಕಾಗದವನ್ನು. ಮುಖವನ್ನಲ್ಲ.

ಅದೇ ಸೂರತ್ತಿನಲ್ಲಿ ಒಡಿಶಾದ ಗಂಜಾಮಿನಿಂದ ಬಂದು ಪವರ್‌ಲೂಮಿನಲ್ಲಿ ದುಡಿಯುವವರು ಲಕ್ಷಗಟ್ಟಲೆ ಇದ್ದಾರೆ. ಮಗ್ಗದ ಸದ್ದಿಗೆ ಕಿವಿ ಮಂದ, ಹನ್ನೆರಡು ಗಂಟೆಯ ಪಾಳಿಯಿಂದ ಕಣ್ಣು ಕೆಂಪು, ಮಾತು ಒಡಿಯಾ. ಇಂಥವನೊಬ್ಬನನ್ನು ಠಾಣೆಗೆ ಕರೆತಂದು ಗುಜರಾತಿಯಲ್ಲೋ ಹಿಂದಿಯಲ್ಲೋ ಪ್ರಶ್ನೆ ಕೇಳಿ, ಉತ್ತರ ತಡವಾದದ್ದನ್ನು, ಕಣ್ಣು ಮಿಟುಕಿಸಿದ್ದನ್ನು ಒಬ್ಬ ತಜ್ಞ ಬರೆದುಕೊಂಡರೆ ಏನಾಗಬಹುದು? ಇಂಗ್ಲಿಷಿನಲ್ಲಿ ಸಂದರ್ಶನ ಎದುರಿಸಿದ ಕನ್ನಡ ಮಾಧ್ಯಮದ ಯಾವ ಹುಡುಗನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ನಾವೆಲ್ಲ ಸುಳ್ಳುಗಾರರ ಹಾಗೆಯೇ ಕಾಣುತ್ತೇವೆ.

ದೊಡ್ಡ ಕಳ್ಳರಿಗೆ ಈ ತಾಪತ್ರಯವೇ ಇಲ್ಲ. ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು 2001ರ ಮಾರ್ಚಿನಲ್ಲಿ ಮುಳುಗಿತು. ಷೇರು ದಲ್ಲಾಳಿ ಕೇತನ್ ಪಾರೇಖನ ಕಂಪನಿಗಳಿಗೆ ಮಿತಿಮೀರಿ ಸಾಲ ಕೊಟ್ಟಿತ್ತು. ಮುಂಬಯಿ ಶಾಖೆಯಿಂದ ಬರೆದ ಪೇ ಆರ್ಡರುಗಳಿಗೆ ಬ್ಯಾಂಕ್ ಆಫ್ ಇಂಡಿಯಾ ಹಣ ಕೊಟ್ಟಿತು, ಅವು ವಾಪಸು ಬಂದಾಗ 137 ಕೋಟಿ ಹೋಗಿತ್ತು. ನೂರಾರು ಸಣ್ಣ ಸಹಕಾರಿ ಬ್ಯಾಂಕುಗಳ, ಸಾವಿರಾರು ನಿವೃತ್ತರ ಠೇವಣಿ ಸಿಕ್ಕಿಬಿತ್ತು. ಆ ವ್ಯವಹಾರ ನಡೆಸಿದವರ ಮುಖದಲ್ಲಿ ಒಂದು ಗೆರೆಯಾದರೂ ಅಲ್ಲಾಡಿತ್ತೇ? ಇಸ್ತ್ರಿ ಮಾಡಿದ ಅಂಗಿ, ನೇರ ನೋಟ, ಗಟ್ಟಿ ಹಸ್ತಲಾಘವ. ಹಿಡಿದುಕೊಟ್ಟದ್ದು ಹಣವಿಲ್ಲದ ಪೇ ಆರ್ಡರು.

ನಮ್ಮ ಕಡೆಯ ಕೇಸೂ ಒಂದಿದೆ. ದಕ್ಷಿಣ ಕನ್ನಡದ ಸಯನೈಡ್ ಮೋಹನ್ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು, ಮೃದು ಮಾತಿನವನು. 2003ರಿಂದ 2009ರವರೆಗೆ ಮದುವೆಯ ಆಸೆ ತೋರಿಸಿ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಆರೋಪ ಅವನ ಮೇಲೆ ಬಂತು. ಹೆಣಗಳು ಸಿಕ್ಕಿದ್ದು ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ, ಬಾಗಿಲು ಒಳಗಿನಿಂದ ಚಿಲಕ ಹಾಕಿದ ಸ್ಥಿತಿಯಲ್ಲಿ. ಪ್ರತಿ ಠಾಣೆಯೂ ಅಸಹಜ ಸಾವು ಅಂತ ಒಂದೊಂದು ಕಡತ ಕಟ್ಟಿ ಕಪಾಟಿಗೆ ಹಾಕಿತು. 2009ರಲ್ಲಿ ಒಬ್ಬ ಹುಡುಗಿ ಕಾಣೆಯಾದಾಗ ಊರವರು ಬೀದಿಗಿಳಿದರು, ಆಮೇಲೆ ಪೊಲೀಸರು ಅವಳ ಫೋನು ಕರೆಗಳ ಪಟ್ಟಿ ಹಿಡಿದು ಒಂದರಿಂದ ಇನ್ನೊಂದು ಸಂಖ್ಯೆಗೆ ಹೋಗುತ್ತಾ ಅವನ ತನಕ ಬಂದರು. ಮನಸ್ಸು ಓದುವ ಪಂಡಿತ ಇಲ್ಲಿ ಬೇಕಿರಲಿಲ್ಲ. ಆ ಕಡತಗಳನ್ನು ಒಂದೇ ಮೇಜಿನ ಮೇಲೆ ಹರವಿ ಓದುವ ಒಬ್ಬ ಗುಮಾಸ್ತೆ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ. 2023ರ 'ದಹಾಡ್' ಸರಣಿಗೆ ಈ ಕೇಸೇ ಪ್ರೇರಣೆ ಅಂತಾರೆ. ಅದರಲ್ಲಾದರೂ ಕಡತ ಹುಡುಕುವುದನ್ನು ಸ್ವಲ್ಪ ತೋರಿಸಿದ್ದಾರೆ, ಅಷ್ಟರಮಟ್ಟಿಗೆ ಮೆಚ್ಚಬೇಕು.

ಇಷ್ಟು ಓದಿ ನನಗೆ ಫೊರೆನ್ಸಿಕ್ ಅಂದರೇ ಆಗುವುದಿಲ್ಲ ಅಂದುಕೊಳ್ಳಬೇಡಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತು, 260 ಜನ ಸತ್ತರು. ಹೆಚ್ಚಿನವರನ್ನು ಮುಖ ನೋಡಿ ಗುರುತಿಸುವ ಹಾಗಿರಲಿಲ್ಲ. ಸಿವಿಲ್ ಆಸ್ಪತ್ರೆಯಲ್ಲಿ ಸಂಬಂಧಿಕರು ರಕ್ತ ಕೊಟ್ಟು ಕಾದರು, ಗಾಂಧಿನಗರದ ಪ್ರಯೋಗಾಲಯದವರು ಹಗಲುರಾತ್ರಿ ಡಿಎನ್ಎ ಹೋಲಿಸಿದರು. ಮಾಜಿ ಮುಖ್ಯಮಂತ್ರಿ ವಿಜಯ್ ರೂಪಾನಿಯವರ ದೇಹವೂ ಹಾಗೆಯೇ ಗುರುತಾದದ್ದು. ಜೂನ್ ಮುಗಿಯುವುದರೊಳಗೆ ಎಲ್ಲರನ್ನೂ ಅವರವರ ಮನೆಗೆ ಸೇರಿಸಿದರು. ಅದೇ ಊರು, ಅದೇ ವಿಜ್ಞಾನದ ಹೆಸರು, ಕೆಲಸ ಮಾತ್ರ ಬೇರೆ. ಸಾವಕಾಶ ಇಲ್ಲದಿದ್ದರೂ ಅವಸರ ಮಾಡಲಿಲ್ಲ, ಹೊಂದದಿದ್ದರೆ ಹೊಂದಲಿಲ್ಲ ಅಂದರು. ಈ ಜನರ ಮೇಲೆ ಧಾರಾವಾಹಿ ತೆಗೆದರೆ ಎರಡನೇ ಕಂತಿಗೆ ನೋಡುವವರೇ ಇರಲಿಕ್ಕಿಲ್ಲ, ಪಾಪ.

ಈಗ ಕಾಲ ಬದಲಾಗುತ್ತಿದೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್‌ನವರು ಜಾಗಕ್ಕೆ ಬಂದು ಸಾಕ್ಷಿ ಸಂಗ್ರಹಿಸಲೇಬೇಕು, ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ. 2009ರಲ್ಲಿ ಗುಜರಾತಿನದಾಗಿ ಹುಟ್ಟಿ 2020ರಲ್ಲಿ ರಾಷ್ಟ್ರೀಯವಾದ ಗಾಂಧಿನಗರದ ಫೊರೆನ್ಸಿಕ್ ವಿಶ್ವವಿದ್ಯಾಲಯ ನಮ್ಮ ಧಾರವಾಡಕ್ಕೂ ಬಂದಿದೆ. ನಮ್ಮ ಹುಡುಗ ಹುಡುಗಿಯರು ಅಲ್ಲಿಗೆ ಹೋಗುತ್ತಾರೆ, ಹೋಗಲಿ. ಅವರಲ್ಲಿ ಅರ್ಧ ಜನ ಲೈಟ್‌ಮನ್ ಆಗಬೇಕೆಂದೇ ಹೋಗುವವರು ಎಂಬುದೊಂದೇ ನನ್ನ ಭಯ. ನಮ್ಮ ದೊಡ್ಡಪ್ಪನ ಮಗಳಿಗೆ ಸೆಲ್ವಿ ತೀರ್ಪು ಓದು ಅಂದೆ. ಇಂಗ್ಲಿಷಿನಲ್ಲಿ ಇನ್ನೂರಕ್ಕೂ ಹೆಚ್ಚು ಪುಟ ಇದೆ, ನೀನು ಓದಿದೆಯಾ ಅಂತ ತಿರುಗಿ ಕೇಳಿದಳು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎಂಬತ್ತು ಪುಟ ಮುಟ್ಟಿದ್ದೇನೆ. ಅದರ ಮುಖ್ಯ ಭಾಗಗಳನ್ನಾದರೂ ಸರಳ ಕನ್ನಡದಲ್ಲಿ ಬರೆದು, ನಮ್ಮ ಸಂಘದಿಂದಲೇ ಸೈಕ್ಲೋಸ್ಟೈಲ್ ಮಾಡಿಸಿ ಹಂಚಬಹುದು ಎಂದು ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ. ಕಾನೂನು ಓದುವ ಯಾರಾದರೂ ಜೊತೆಗೆ ಕೂತರೆ ಎರಡು ತಿಂಗಳ ಕೆಲಸ. ಸ್ಟೆನ್ಸಿಲ್ ಖರ್ಚಿಗೆ ನನ್ನ ಕಡೆಯಿಂದ ಇನ್ನೂರು ರೂಪಾಯಿ ಕೊಡುತ್ತೇನೆ, ರಸೀದಿ ಮಾತ್ರ ಬೇಕು.